ಚೀಟಿ ಕೇಳಲಿ, ಮೊದಲು ಹೇಳಲಿ



ಮತಗಟ್ಟೆಯಲ್ಲಿ ಗುರುತಿನ ದಾಖಲೆ ಕೇಳುವುದಕ್ಕೆ ನನ್ನ ವಿರೋಧವಿಲ್ಲ. ಸತ್ತವರ ಹೆಸರಿನಲ್ಲೂ ವೋಟು ಬೀಳುತ್ತಿತ್ತೆಂದು ಹಳೇಕೋಟೆ ಕಡೆಯ ಹಿರಿಯರು ನಗುತ್ತಾ ಹೇಳುತ್ತಿದ್ದ ಕಾಲ ನೆನಪಿದೆ. 1993ರಲ್ಲಿ ಶೇಷನ್ ಅವರು ಭಾವಚಿತ್ರದ ಗುರುತಿನ ಚೀಟಿ ತಂದದ್ದು ಒಳ್ಳೆಯದೇ ಆಯಿತು.

ಆದರೆ 2019ರ ಏಪ್ರಿಲ್ 18ನ್ನು ಮರೆಯಲಾಗಿಲ್ಲ. ಅಂದು ಲೋಕಸಭಾ ಚುನಾವಣೆ. ನಾನು ಪಕ್ಕದ ತಾಲ್ಲೂಕಿನಲ್ಲಿ ಸೆಕ್ಟರ್ ಅಧಿಕಾರಿ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮನೆಗೆ ಹಂಚಿದ್ದ ಫೋಟೋ ಚೀಟಿ ಹಿಡಿದು ಬಂದರು. ಪಟ್ಟಿಯಲ್ಲಿ ಹೆಸರಿತ್ತು, ಗುರುತಿನ ಕಾರ್ಡು ಮಾತ್ರ ಕಳೆದುಹೋಗಿತ್ತು.

"ಹೋದ ವರ್ಷ ಇದಕ್ಕೇ ಬಿಟ್ಟಿದ್ರಲ್ಲಪ್ಪಾ?" ಎಂದರು.

ಅವರ ಮಾತು ನಿಜ. 2018ರ ವಿಧಾನಸಭಾ ಚುನಾವಣೆಗೆ ಆ ಚೀಟಿ ಸಾಕಿತ್ತು. 2019ರ ಫೆಬ್ರುವರಿ ಕೊನೆಯಲ್ಲಿ ಆಯೋಗ ಅದನ್ನು ಒಪ್ಪಬಾರದೆಂದು ಆದೇಶಿಸಿತು. ಹಾಗೆಂದು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿತೂ ಕೂಡ. ಅಜ್ಜಿಗೆ ಓದು ಬಾರದು.

"ಇದು ನಡೆಯಲ್ಲಜ್ಜಿ, ಬೇರೆ ದಾಖಲೆ ತನ್ನಿ" ಎಂದೆ. ಯಾವುದೆಂದು ಹೇಳಲಿಲ್ಲ. ಬದಲಿಗೆ ತೋರಿಸಬಹುದಾದ ಹನ್ನೊಂದು ದಾಖಲೆಗಳ ಪಟ್ಟಿ ನನ್ನ ಫೈಲಿನಲ್ಲೇ ಇತ್ತು. ಅವರು ಬಿಸಿಲಲ್ಲಿ ಮನೆಗೆ ಹೋಗಿ ರೇಷನ್ ಕಾರ್ಡು ತಂದರು. ಅದು ಪಟ್ಟಿಯಲ್ಲಿರಲಿಲ್ಲ. ಮತ್ತೆ ಬರಲಿಲ್ಲ. ಮತದಾನ ಮುಗಿದ ಮೇಲೆ ಅವರ ಮೊಮ್ಮಗ ಸಿಕ್ಕಿ, ಉದ್ಯೋಗ ಖಾತ್ರಿ ಕಾರ್ಡು ಪೆಟ್ಟಿಗೆಯಲ್ಲೇ ಇತ್ತೆಂದ. ಅದು ನಡೆಯುತ್ತಿತ್ತು. ಬ್ಯಾಂಕಿನ ಫೋಟೋ ಪಾಸ್‌ಬುಕ್ಕೂ ನಡೆಯುತ್ತಿತ್ತು. ನಿಯಮದ ಪ್ರಕಾರ ನನ್ನದು ತಪ್ಪಲ್ಲ, ಯಾರೂ ನೋಟೀಸು ಕೊಡಲಿಲ್ಲ. ಆದರೂ ಆ ಮತ ತಪ್ಪಿದ್ದು ನನ್ನಿಂದ.

ನಾಲೆಗೆ ನೀರು ಬಿಡುವ ಮುನ್ನ ಕೊನೆ ಭಾಗದ ರೈತನಿಗೂ ಸುದ್ದಿ ಮುಟ್ಟಿಸುತ್ತಿದ್ದೆವು. ಮತದ ವಿಷಯದಲ್ಲಿ ಮಾತ್ರ ಜನ ಬಾಗಿಲಿಗೆ ಬಂದ ಮೇಲೆ ನಿಯಮ ಹೇಳುತ್ತೇವೆ. ಕಾರ್ಡಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ ಎಂಬುದೂ ಎಷ್ಟೋ ಜನರಿಗೆ ಅಂದೇ ಗೊತ್ತಾಗುವುದು.

ಮಠಗಳ ಅನುಭವಗೋಷ್ಠಿಗೆ ಬರುವ ನಮ್ಮ ಯುವಕರು ಚುನಾವಣೆಗೆ ತಿಂಗಳ ಮುಂಚೆ ಎರಡು ಸಂಜೆ ಬಿಡುವು ಮಾಡಿಕೊಳ್ಳಲಿ. ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗಲಿ, ಪೆಟ್ಟಿಗೆ ತೆಗೆಸಿ ಯಾವ ಕಾಗದ ನಡೆಯುತ್ತದೆಂದು ತೋರಿಸಲಿ, ಹೆಸರು ಬಿಟ್ಟುಹೋಗಿದ್ದರೆ ನಮೂನೆ 6 ತುಂಬಿಸಲಿ. ನಮ್ಮವರ ಬೀದಿಗೆ ಹೋಗಿ ಹಿಂದಿರುಗುವುದಾದರೆ ಹೊರಡುವುದೇ ಬೇಡ. ಆ ಅಜ್ಜಿ ಯಾವ ಜಾತಿಯವರೆಂದು ನಾನು ಕೇಳಲಿಲ್ಲ. ಹಳೇಕೋಟೆಯಲ್ಲಿ ಜೊತೆಗೆ ಬರುವವರಿದ್ದರೆ ಮುಂದಿನ ಸೋಮವಾರ ಸಂಜೆ ನಮ್ಮ ಮನೆಗೆ ಬನ್ನಿ.