ಚದರ ಅಡಿಯ ದರದೊಳಗೆ ಅಡಗಿರುವ ತಳಪಾಯದ ವೆಚ್ಚ

ಪ್ರತಿ ವರ್ಷ ಮಾರ್ಚ್ ಕಳೆದು ಸದಸ್ಯ ಬಾಂಧವರ ಲೆಕ್ಕಪತ್ರಗಳು ನಮ್ಮ ಕಚೇರಿಗೆ ಬಂದಾಗ, ನಾನು ಮೊದಲು ನೋಡುವುದು ಬಂಡವಾಳ ಖಾತೆಯ ಖರ್ಚಿನ ಬದಿಯನ್ನು. ಅಲ್ಲಿ ತಿಂಗಳಿಗೆ ಎರಡು ಮೂರು ಬಾರಿ ದೊಡ್ಡ ಮೊತ್ತಗಳು ಹೊರಹೋಗಿದ್ದರೆ, ಅಂಗಡಿಯ ದಾಸ್ತಾನು ಕುಗ್ಗಿದ್ದರೆ, ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆ ವರ್ಷವಿಡೀ ಮಿತಿಯ ಅಂಚಿನಲ್ಲೇ ನಿಂತಿದ್ದರೆ, ನಾನು ಕೇಳುವ ಪ್ರಶ್ನೆ ಒಂದೇ: "ಮನೆ ಕಟ್ಟಿಸುತ್ತಿದ್ದೀರಾ?" ಬಹುತೇಕ ಸಂದರ್ಭಗಳಲ್ಲಿ ಉತ್ತರ ಹೌದೆಂದೇ ಇರುತ್ತದೆ.

ವ್ಯಾಪಾರದಲ್ಲಿ ಒಂದು ಮೂಟೆಯ ತೂಕಕ್ಕೂ ರಸೀದಿ ಕೇಳುವ ನಮ್ಮ ವರ್ತಕರು, ಜೀವಮಾನದ ಅತಿ ದೊಡ್ಡ ಖರೀದಿಯನ್ನು ಮಾತ್ರ ಒಂದೇ ಹಾಳೆಯ ಕರಾರಿನ ಮೇಲೆ ಮಾಡುತ್ತಾರೆ. ಆ ಹಾಳೆಯಲ್ಲಿ ಇರುವುದು "ಚದರ ಅಡಿಗೆ ಇಷ್ಟು ರೂಪಾಯಿ" ಎಂಬ ಒಂದು ಸಾಲು. ಖರ್ಚು ಮಿತಿಮೀರಿದಾಗ ಸಿಮೆಂಟ್ ಮತ್ತು ಕಬ್ಬಿಣದ ಬೆಲೆಯನ್ನು ದೂರುವುದು ವಾಡಿಕೆ. ಆದರೆ ನಾನು ಪರಿಶೀಲಿಸಿರುವ ಲೆಕ್ಕಗಳ ಪ್ರಕಾರ, ಹೆಚ್ಚುವರಿ ವೆಚ್ಚದ ಮತ್ತು ವಿಳಂಬದ ಮೂಲ ಬಹುಮಟ್ಟಿಗೆ ಈ ಒಂದು ಸಾಲಿನಲ್ಲಿಯೇ ಇದೆ. ಚದರ ಅಡಿಯ ದರವು ನೆಲದ ಮೇಲೆ ಕಾಣುವ ವಿಸ್ತೀರ್ಣವನ್ನು ಅಳೆಯುತ್ತದೆಯೇ ಹೊರತು, ನೆಲದ ಕೆಳಗಿನ ಆಳವನ್ನು ಅಳೆಯುವುದಿಲ್ಲ.

ನಮ್ಮ ಕಕ್ಷಿದಾರರೊಬ್ಬರ ಉದಾಹರಣೆಯನ್ನು ಇಲ್ಲಿ ಹೇಳಬಯಸುತ್ತೇನೆ. ಅವರು ಹುಬ್ಬಳ್ಳಿಯಲ್ಲಿ ಕಿರಾಣಿ ಸಗಟು ವ್ಯಾಪಾರಿಗಳು. ಊರ ಹೊರವಲಯದ ಬಡಾವಣೆಯೊಂದರಲ್ಲಿ 30ಕ್ಕೆ 40 ಅಡಿಯ ನಿವೇಶನ. ನಕ್ಷೆಯಲ್ಲಿ 14 ಕಾಲಂಗಳು. ಕರಾರಿನಲ್ಲಿ ಫುಟಿಂಗ್‌ನ ಆಳ 5 ಅಡಿ ಎಂದಿತ್ತು. ಅಗೆದಾಗ 5 ಅಡಿಯಲ್ಲಿ ಸಿಕ್ಕಿದ್ದು ಅದೇ ಎರೆಮಣ್ಣು. ಗಟ್ಟಿ ಗರಸು ದೊರೆತದ್ದು 9 ಅಡಿಯಲ್ಲಿ. 5 ಅಡಿಗೆ 5 ಅಡಿಯ 14 ಗುಂಡಿಗಳ ಅಗೆತ 1,750 ಘನ ಅಡಿಯಿಂದ 3,150 ಘನ ಅಡಿಗೆ ಏರಿತು. ಪ್ರತಿ ಕಾಲಂ 4 ಅಡಿ ಉದ್ದವಾದುದರಿಂದ, ಯಾರ ಕಣ್ಣಿಗೂ ಬೀಳದ 56 ಅಡಿ ಕಾಂಕ್ರೀಟ್ ಕಾಲಂ ಹೊಸದಾಗಿ ಸೇರಿತು. ಅದಕ್ಕೆ ಸರಳು, ಸೆಂಟ್ರಿಂಗ್, ಗುಂಡಿ ತುಂಬಲು ಹೊರಗಿನಿಂದ ತರಿಸಿದ ಗರಸು ಎಲ್ಲವೂ ಬೇರೆ.

ಗುತ್ತಿಗೆದಾರರು ಹೆಚ್ಚುವರಿ ಹಣ ಕೇಳಿದರು. "ಎಲ್ಲ ಸೇರಿಯೇ ದರ ಮಾತಾಡಿದ್ದೇವೆ" ಎಂದು ಇವರು ಹಟ ಹಿಡಿದರು. ಚರ್ಚೆ ನಡೆಯುತ್ತಿರುವಾಗಲೇ ಜೂನ್ ಬಂತು. ಗುಂಡಿಗಳಲ್ಲಿ ನೀರು ನಿಂತು ಬದಿಗಳು ಕುಸಿದವು. ಕೂಲಿಕಾರರು ಬಿತ್ತನೆಗೆಂದು ಊರಿಗೆ ಹೋದರು, ಗುತ್ತಿಗೆದಾರರು ಬೇರೆ ಕೆಲಸ ಹಿಡಿದರು. ಪ್ಲಿಂತ್ ಬೀಮ್ ಮುಗಿಯುವಾಗ ದಸರಾ ಕಳೆದಿತ್ತು. ಐದು ತಿಂಗಳ ವಿಳಂಬ. ಬೆಲೆ ಏರೀತೆಂಬ ಭಯದಿಂದ ಇಡೀ ಮನೆಯ ಕಬ್ಬಿಣ ಮತ್ತು ಸಿಮೆಂಟನ್ನು ಅವರು ಮೊದಲೇ ಕೊಂಡಿದ್ದರು. ಕಬ್ಬಿಣ ಮಳೆಯಲ್ಲಿ ತುಕ್ಕು ಹಿಡಿಯಿತು, ಮೂಟೆಗಳಲ್ಲಿ ಸಿಮೆಂಟ್ ಗಂಟುಗಟ್ಟಿತು. ಮುಂಗಡ ಮತ್ತು ಸಾಮಗ್ರಿಗೆಂದು ಅಂಗಡಿಯ ಖಾತೆಯಿಂದ ತೆಗೆದ ರೂ. 12 ಲಕ್ಷಕ್ಕೆ ಶೇ. 10ರಂತೆ ಐದು ತಿಂಗಳ ಬಡ್ಡಿಯೇ ರೂ. 50,000. ಇದಕ್ಕಿಂತ ಮಿಗಿಲಾದ ನಷ್ಟ ಮನೆಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಆ ವರ್ಷ ದೀಪಾವಳಿಯ ಸಕ್ಕರೆ, ಎಣ್ಣೆಗಳನ್ನು ನಗದು ಕೊಟ್ಟು ಖರೀದಿಸಲು ಅವರ ಬಳಿ ಹಣವಿರಲಿಲ್ಲ. ನಗದು ರಿಯಾಯಿತಿಯೂ ಹೋಯಿತು, ಕೆಲವು ಹಳೆಯ ಗಿರಾಕಿಗಳೂ ಹೋದರು.

ಇದರಲ್ಲಿ ಗುತ್ತಿಗೆದಾರರನ್ನು ಖಳನಾಯಕರೆಂದು ಚಿತ್ರಿಸುವುದು ನ್ಯಾಯವಲ್ಲ. ಮಣ್ಣಿನೊಳಗೆ ಏನಿದೆಯೆಂದು ಅವರಿಗೂ ತಿಳಿದಿರಲಿಲ್ಲ. ತಿಳಿಯದ ವಸ್ತುವಿಗೆ ನಿಶ್ಚಿತ ದರ ಕೇಳಿದರೆ, ಪ್ರಾಮಾಣಿಕರು ಅಪಾಯದ ಮೊತ್ತವನ್ನು ಸೇರಿಸಿ ಹೆಚ್ಚು ಹೇಳುತ್ತಾರೆ. ಉಳಿದವರು ಕಡಿಮೆ ಹೇಳಿ ಕೆಲಸ ಹಿಡಿದು ನಂತರ ಜಗಳಕ್ಕೆ ನಿಲ್ಲುತ್ತಾರೆ. ನಾವು ಸಹಜವಾಗಿಯೇ ಕಡಿಮೆ ಹೇಳಿದವರನ್ನು ಆರಿಸುತ್ತೇವೆ.

ಆದ್ದರಿಂದ ಪ್ಲಿಂತ್ ಮಟ್ಟದವರೆಗಿನ ಕೆಲಸಕ್ಕೆ ಪ್ರತ್ಯೇಕ ಕರಾರು ಇರತಕ್ಕದ್ದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದು ಅಳತೆಯ ಆಧಾರದ ಮೇಲಿರಬೇಕು: ಅಗೆತಕ್ಕೆ ಆಳದ ಹಂತಗಳಿಗೆ ಅನುಗುಣವಾಗಿ ಘನ ಅಡಿಗೆ ದರ, ಬಂಡೆ ಬಂದರೆ ಬೇರೆ ದರ, ಕಾಂಕ್ರೀಟಿಗೆ ಘನ ಅಡಿಗೆ, ಕಬ್ಬಿಣಕ್ಕೆ ಕಿಲೋಗೆ, ಗರಸು ತುಂಬುವುದಕ್ಕೆ ಬೇರೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇದೇ ಕ್ರಮದಲ್ಲಿದೆ. ಹೊಸದೇನನ್ನೂ ನಾನು ಹೇಳುತ್ತಿಲ್ಲ. ಆಳ ಹೆಚ್ಚಾದರೆ ಹಣ ಹೆಚ್ಚಾಗುತ್ತದೆ ನಿಜ, ಆದರೆ ಎಷ್ಟು ಎಂಬುದು ಅದೇ ದಿನ ಟೇಪು ಹಿಡಿದು ತೀರ್ಮಾನವಾಗುತ್ತದೆ, ಕೆಲಸ ನಿಲ್ಲುವುದಿಲ್ಲ.

ಕರಾರಿಗೆ ಮೊದಲೇ ನಿವೇಶನದ ಎರಡು ಮೂಲೆಗಳಲ್ಲಿ ಗುಂಡಿ ತೆಗೆಸಿ ಇಂಜಿನಿಯರರಿಗೆ ತೋರಿಸಿದರೆ ಅರ್ಧ ಚಿಂತೆ ಪರಿಹಾರವಾಗುತ್ತದೆ. ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವ ಎರೆಭೂಮಿಯಲ್ಲಿ ಈ ಖರ್ಚನ್ನು ಉಳಿಸುವುದು ಉಳಿತಾಯವೇ ಅಲ್ಲ. ಗರಸು ಬಹಳ ಆಳದಲ್ಲಿದ್ದರೆ ಅಂಡರ್ ರೀಮ್ಡ್ ಪೈಲ್ ಎಂಬ ವಿಧಾನವಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದನ್ನು ಇಂತಹ ಮಣ್ಣಿಗೆಂದೇ ಬೆಳೆಸಿತು. ಯಾವುದು ಅಗ್ಗವೆಂಬುದನ್ನು ಅಗೆಯುವ ಮೊದಲು ಕೇಳಬೇಕು, 9 ಅಡಿ ಇಳಿದ ಮೇಲಲ್ಲ.

ಮುಹೂರ್ತದ ಮಾತನ್ನೂ ಸಂಕೋಚದಿಂದಲೇ ಪ್ರಸ್ತಾಪಿಸುತ್ತೇನೆ. ನಮ್ಮಲ್ಲಿ ಅನೇಕರು ಅಕ್ಷಯ ತೃತೀಯೆಯ ಆಸುಪಾಸಿನಲ್ಲಿ ಭೂಮಿಪೂಜೆ ಮಾಡಿ ಮರುದಿನವೇ ಅಗೆತ ಆರಂಭಿಸುತ್ತಾರೆ. ಅಂದರೆ ಗುಂಡಿಗಳು ಬಾಯ್ತೆರೆದುಕೊಂಡಿರುವಾಗಲೇ ಮುಂಗಾರು ಬರುತ್ತದೆ; ನದಿ ಮರಳಿನ ಗಣಿಗಾರಿಕೆಯೂ ಮಳೆಗಾಲದಲ್ಲಿ ನಿಲ್ಲುತ್ತದೆ. ಪೂಜೆ ಶುಭದಿನದಂದೇ ಆಗಲಿ. ಅಗೆತವನ್ನು ದೀಪಾವಳಿಯ ನಂತರ ಇಟ್ಟುಕೊಂಡರೆ, ಸಂಕ್ರಾಂತಿಯ ಹೊತ್ತಿಗೆ ಪ್ಲಿಂತ್ ಮುಗಿಸಿ, ಯುಗಾದಿಯ ನೀರಿನ ಅಭಾವಕ್ಕೆ ಮೊದಲು ಸ್ಲ್ಯಾಬ್ ಹಾಕಬಹುದು.

ಪ್ಲಿಂತ್ ಮೇಲಿನ ಕಾಲಂ, ಬೀಮ್, ಸ್ಲ್ಯಾಬ್‌ಗಳ ಚೌಕಟ್ಟಿನಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ವಿಳಂಬಕ್ಕಿಂತ ಅವಸರವೇ ದುಬಾರಿ. ಸೆಂಟ್ರಿಂಗ್ ಸಾಮಾನಿಗೆ ದಿನದ ಬಾಡಿಗೆ ಇರುವುದರಿಂದ ಅದನ್ನು ಬೇಗ ಬಿಚ್ಚುವುದರಲ್ಲಿ ಗುತ್ತಿಗೆದಾರರಿಗೆ ಲಾಭವಿದೆ. ಐಎಸ್ 456 ಸಂಹಿತೆಯ ಪ್ರಕಾರ, ಸಾಧಾರಣ ಸಿಮೆಂಟಿನಲ್ಲಿ 4.5 ಮೀಟರ್‌ವರೆಗಿನ ಹರವಿನ ಸ್ಲ್ಯಾಬ್‌ಗೆ ಆಸರೆ ಕಂಬಗಳು ಕನಿಷ್ಠ 7 ದಿನ, ಅದಕ್ಕೂ ಹೆಚ್ಚಿನ ಹರವಿಗೆ 14 ದಿನ ಇರಬೇಕು. 6 ಮೀಟರ್‌ವರೆಗಿನ ಬೀಮ್‌ಗೂ 14 ದಿನ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ ಮಿಶ್ರ ಸಿಮೆಂಟಿಗೆ ಇನ್ನೂ ಹೆಚ್ಚು ದಿನ ಬೇಕಾಗಬಹುದು. ಸ್ಲ್ಯಾಬ್ ಹಾಕಿದ ದಿನವೇ ಪೂರ್ತಿ ಕಂತು ಪಾವತಿಸುವ ನಮ್ಮ ಪದ್ಧತಿ ಈ ಅವಸರಕ್ಕೆ ಇಂಬು ಕೊಡುತ್ತದೆ. ಕಂತಿನ ಒಂದು ಭಾಗವನ್ನು ನೀರುಣಿಸುವುದು ಮುಗಿದು, ಇಂಜಿನಿಯರರ ಒಪ್ಪಿಗೆಯಿಂದ ಆಸರೆ ಬಿಚ್ಚಿದ ನಂತರ ಕೊಡುವುದೆಂದು ಬರೆದುಕೊಳ್ಳಿ.

ಕಬ್ಬಿಣವನ್ನು ಎಣಿಕೆಯ ಮೇಲೆ ಕೊಳ್ಳುವವರು ಇನ್ನೂ ಇದ್ದಾರೆ. 12 ಮಿ.ಮೀ. ಸರಳಿನ ತೂಕ ಮೀಟರಿಗೆ 0.888 ಕಿಲೋ, 12 ಮೀಟರಿನ ಒಂದು ಸರಳು ಸುಮಾರು 10.66 ಕಿಲೋ ತೂಗಬೇಕು. ಈ ಅಳತೆಯಲ್ಲಿ ಶೇ. 5ರ ವ್ಯತ್ಯಾಸಕ್ಕೆ ಐಎಸ್ 1786 ಅವಕಾಶ ನೀಡುತ್ತದೆ. ಎಣಿಸಿ ಕೊಂಡವರಿಗೆ ಆ ವ್ಯತ್ಯಾಸ ಯಾವ ಕಡೆಗೆ ವಾಲಿತೆಂದು ಗೊತ್ತಾಗುವುದಿಲ್ಲ. ತೂಕದ ಚೀಟಿಯನ್ನು ಬಿಲ್ಲಿನೊಡನೆ ಲಗತ್ತಿಸಿ.

ಕೊನೆಯಲ್ಲಿ ನಮ್ಮ ವೃತ್ತಿಗೆ ಸಂಬಂಧಿಸಿದ ವಿಷಯಗಳು. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ದರದ ಮೇಲೆ ಮಾಡಿಕೊಂಡ ಕರಾರುಗಳನ್ನು ಮತ್ತೊಮ್ಮೆ ನೋಡಿಕೊಳ್ಳಿ. ಸ್ವಂತ ಮನೆಯ ಸಾಮಗ್ರಿಯನ್ನು ಅಂಗಡಿಯ ಜಿಎಸ್‌ಟಿ ಸಂಖ್ಯೆಯ ಮೇಲೆ ಖರೀದಿಸಿ ಹೂಡುವಳಿ ತೆರಿಗೆ ಜಮೆ ಪಡೆಯುವ ಚಾಳಿ ಕೆಲವರಲ್ಲಿದೆ. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ. ಬಡ್ಡಿ, ದಂಡ ಸಹಿತ ಹಿಂದಿರುಗಿಸಬೇಕಾಗುತ್ತದೆ. ಹಳೆಯ ನಿವೇಶನ ಮಾರಿದ ಹಣದಿಂದ ಕಟ್ಟಿಸುತ್ತಿರುವವರು ಬಂಡವಾಳ ಲಾಭದ ವಿನಾಯಿತಿ ಪಡೆಯಲು, ಮಾರಾಟದ ದಿನದಿಂದ ಮೂರು ವರ್ಷದೊಳಗೆ ಮನೆಯನ್ನು ಪೂರ್ಣಗೊಳಿಸಬೇಕು. ಮೇಲೆ ಹೇಳಿದ ಕಕ್ಷಿದಾರರು ಇದೇ ಗಡುವಿಗೆ ಒಳಪಟ್ಟಿದ್ದರು. ಗೃಹಪ್ರವೇಶದ ಆಮಂತ್ರಣ ಪತ್ರಿಕೆ ನಮ್ಮ ಕಚೇರಿಗೆ ತಲುಪಿದಾಗ ಆ ಗಡುವಿಗೆ ಉಳಿದಿದ್ದದ್ದು ಹನ್ನೊಂದು ದಿನ.