ಸಹಿಯಾದ ಮೇಲೆ ಅಕ್ಷರ ಬದಲಾಗದಿರಲಿ

ನದಿಗೆ ಅಣೆಕಟ್ಟು ಬರುವುದೋ, ಗುಡ್ಡದಲ್ಲಿ ಗಣಿ ತೆರೆಯುವುದೋ ಎಂಬುದು ತೀರ್ಮಾನವಾಗುವಾಗ ಊರಿನವರ ಮಾತಿಗೆ ಉಳಿಯುವ ಮುಖ್ಯ ದಾಖಲೆ ಸಾರ್ವಜನಿಕ ಅಹವಾಲು ಸಭೆಯ ನಡಾವಳಿ. ಪರಿಸರ ಪರಿಣಾಮ ಅಂದಾಜಿಗೆ ಸಂಬಂಧಿಸಿದ 2006ರ ಅಧಿಸೂಚನೆಯಂತೆ ಅದರ ಸಾರಾಂಶವನ್ನು ಸಭೆಯ ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು. ಒಪ್ಪಿತ ನಡಾವಳಿಗೆ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅದೇ ದಿನ ಸಹಿ ಮಾಡಬೇಕು.

ಸಹಿಯಾದ ಮೇಲೆ ಯಾರಾದರೂ ತಿದ್ದಿದರೆ? ಕಾಗದದ ಮೇಲೆ ತಿದ್ದಿದರೆ ಗುರುತು ಉಳಿಯಬಹುದು. ಗಣಕದ ಕಡತದಲ್ಲಿ ‘ವಿರೋಧಿಸಿದರು’ ಎಂಬುದು ‘ಬೆಂಬಲಿಸಿದರು’ ಎಂದಾದರೂ ಕಣ್ಣಿಗೆ ಕಾಣದು. ಇಂಥ ತಿದ್ದುಪಡಿಯನ್ನು ಬಯಲಿಗೆಳೆಯುವ ಸಾಧನವೇ ಡಿಜಿಟಲ್ ಸಹಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದಕ್ಕೆ ಕಾನೂನಿನ ಮಾನ್ಯತೆ ನೀಡಿದೆ. ಇಡೀ ಕಡತದಿಂದ ಗಣಿತಸೂತ್ರವೊಂದು ಬೆರಳಚ್ಚಿನಂಥ ಸಂಖ್ಯೆಯನ್ನು ತೆಗೆಯುತ್ತದೆ. ಸಹಿದಾರನ ಗುಪ್ತ ಕೀಲಿ ಅದಕ್ಕೆ ಮುದ್ರೆಯೊತ್ತುತ್ತದೆ. ಆಮೇಲೆ ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ಹೊಂದುವುದಿಲ್ಲ.

ಈ ಪರೀಕ್ಷೆಯನ್ನು ನಾವೂ ಮಾಡಬಹುದು. ಮೊದಲನೆಯದಾಗಿ, ಮೂಲ ಕಡತವನ್ನೇ ಕೇಳಿ ಪಡೆಯಬೇಕು. ಮುದ್ರಿತ ಪ್ರತಿಯಲ್ಲಿ ಕಾಣುವುದು ಸಹಿಯ ಚಿತ್ರ ಮಾತ್ರ. ಅದರಿಂದ ಈ ಪರೀಕ್ಷೆ ಸಾಧ್ಯವಿಲ್ಲ. ಎರಡನೆಯದಾಗಿ, ಕಡತವನ್ನು ತೆರೆದು ಸಹಿಯ ವಿವರ ನೋಡಬೇಕು. ಅಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಿರುತ್ತದೆ: ಕಡತ ಬದಲಾಗಿದೆಯೇ? ಸಹಿದಾರ ಯಾರು? ಸರ್ಕಾರಿ ಪತ್ರಗಳಲ್ಲಿ ಕಾಣುವ ಹಳದಿ ಪ್ರಶ್ನಾರ್ಥಕ ಚಿಹ್ನೆ ಹಲವು ಬಾರಿ ಎರಡನೆಯ ಪ್ರಶ್ನೆಗೆ ಸೇರಿದ್ದು. ನಮ್ಮ ಗಣಕಕ್ಕೆ ಪ್ರಮಾಣಪತ್ರ ನೀಡಿದವರ ಪರಿಚಯವಿಲ್ಲ ಎಂದಷ್ಟೇ ಅದರ ಅರ್ಥ; ಅದನ್ನು ಕಂಡೊಡನೆ ಮೋಸವೆಂದು ಕೂಗಬಾರದು.

ಮೂರನೆಯದು ಹೆಚ್ಚು ಸೂಕ್ಷ್ಮ. ಪಿಡಿಎಫ್ ಕಡತದಲ್ಲಿ ಸಹಿಯಾದ ಭಾಗವನ್ನು ಮುಟ್ಟದೆ ಕೊನೆಗೆ ಹೊಸ ಅಂಶ ಸೇರಿಸಲು ಅವಕಾಶವಿದೆ. ಎರಡನೆಯ ಅಧಿಕಾರಿಯ ಸಹಿಗೆ ಇದು ಬೇಕು. ಆದರೆ ಕಳ್ಳದಾರಿಯೂ ಆಗಬಲ್ಲದು. 2019ರಲ್ಲಿ ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದ 22 ಓದುತಂತ್ರಾಂಶಗಳಲ್ಲಿ 21 ಇಂಥ ಒಂದಲ್ಲ ಒಂದು ತಂತ್ರಕ್ಕೆ ಮೋಸಹೋದವು. ಆದ್ದರಿಂದ ತಂತ್ರಾಂಶ ಇತ್ತೀಚಿನದಾಗಿರಲಿ. ‘ಸಹಿಯಾದ ಆವೃತ್ತಿ’ಯನ್ನು ತೆರೆಯುವ ಸೌಲಭ್ಯವಿದ್ದರೆ ಅದನ್ನು ಈಗಿನ ಪ್ರತಿಯೊಂದಿಗೆ ಸಾಲುಸಾಲಾಗಿ ಹೋಲಿಸಬೇಕು.

ಆದರೆ ಡಿಜಿಟಲ್ ಸಹಿ ಸತ್ಯಕ್ಕೆ ಜಾಮೀನಲ್ಲ. ಸಹಿಗೆ ಮೊದಲೇ ಸುಳ್ಳು ಬರೆದಿದ್ದರೆ ಅದು ಆ ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಯುತ್ತದೆ. ಆದಕಾರಣ ನಡಾವಳಿಯನ್ನು ಓದಿ ಮುಗಿಸುವ ತನಕ ಹಿರಿಯರು ಸಭೆಯಿಂದ ಏಳಬಾರದು. ತಪ್ಪಿದ್ದರೆ ಅಲ್ಲಿಯೇ ತಿದ್ದಿಸಬೇಕು. ಡಿಜಿಟಲ್ ಸಹಿಯುಳ್ಳ ನಡಾವಳಿಯ ಮೂಲ ಕಡತವನ್ನು ಅದೇ ದಿನ ಗ್ರಾಮ ಪಂಚಾಯಿತಿಗೆ ಕೊಡಬೇಕೆಂಬುದು ನಮ್ಮ ಒತ್ತಾಯವಾಗಲಿ. ಅದರ ಪ್ರತಿಗಳನ್ನು ಊರಿನ ವಿದ್ಯಾರ್ಥಿಗಳು ಎರಡು ಮೂರು ಕಡೆ ಜೋಪಾನವಾಗಿರಿಸಲಿ. ಮುಂದೆ ಬೇರೊಂದು ಪ್ರತಿ ಕಾಣಿಸಿಕೊಂಡರೆ ಅದನ್ನು ಪ್ರಶ್ನಿಸಲು ಊರಿನ ಕೈಯಲ್ಲಿ ಪುರಾವೆಯಿರುತ್ತದೆ.