ಕಿರಣ ಸರಕಾರದ್ದು, ಮದ್ದು ಸಾಹುಕಾರನದ್ದೆ?

ಶ್ವಾಸಕೋಶದ ಕ್ಯಾನ್ಸರು ಮೈಗೆಲ್ಲ ಹಬ್ಬಿದ ಮೇಲೆ ವಿಕಿರಣ ಚಿಕಿತ್ಸೆ ನೋವು ತಗ್ಗಿಸುವುದಕ್ಕೆ ಮಾತ್ರ ಎಂದು ವೈದ್ಯರು ಬಹುಕಾಲ ನಂಬಿದ್ದರು. ಆದರೆ ಒಂದು ಗಡ್ಡೆಗೆ ಕಿರಣ ಕೊಟ್ಟರೆ ದೂರದ ಗಡ್ಡೆಯೂ ಕರಗುವುದು ಅಪರೂಪಕ್ಕೆ ಕಂಡದ್ದುಂಟು. ಬ್ರಿಟನ್ನಿನ ಮೋಲ್ ಎಂಬ ವಿಜ್ಞಾನಿ ಇಂಥ ದೂರದ ಪರಿಣಾಮಕ್ಕೆ 1953ರಲ್ಲಿಯೇ ಹೆಸರಿಟ್ಟಿದ್ದ.

ಕ್ಯಾನ್ಸರು ನಮ್ಮ ರಕ್ತದ ಕಾವಲು ಕಣಗಳ ಕಣ್ಣಿಗೆ ಮಣ್ಣೆರಚಿ ಬೆಳೆಯುತ್ತದೆ. ಪೆಂಬ್ರೊಲಿಜುಮಾಬ್ ಎಂಬ ಮದ್ದು ಆ ಮೋಸವನ್ನು ಬಯಲು ಮಾಡುತ್ತದೆ. ಕಿರಣದಿಂದ ಒಡೆದ ಗಡ್ಡೆಯ ಚೂರುಗಳು ಶತ್ರುವಿನ ಗುರುತನ್ನು ಕಾವಲುಗಾರರಿಗೆ ತಿಳಿಸಿಕೊಡುತ್ತವೆ ಎಂಬುದು ಎರಡನ್ನೂ ಕೂಡಿಸುವುದರ ಹಿಂದಿನ ವಿಚಾರ. ನೆದರ್ಲೆಂಡ್ಸ್ ಮತ್ತು ಅಮೆರಿಕದ ಎರಡು ಪರೀಕ್ಷೆಗಳ 148 ರೋಗಿಗಳ ಲೆಕ್ಕವನ್ನು 2021ರಲ್ಲಿ ಒಟ್ಟುಗೂಡಿಸಿದರು. ಕಿರಣ ತಾಗದ ಗಡ್ಡೆಗಳು ಕುಗ್ಗಿದ್ದು ಮದ್ದೊಂದನ್ನೇ ಪಡೆದವರಲ್ಲಿ ನೂರಕ್ಕೆ 20, ಕಿರಣವನ್ನೂ ಪಡೆದವರಲ್ಲಿ ನೂರಕ್ಕೆ 42. ಅರ್ಧ ಜನ ಬದುಕಿದ್ದ ಅವಧಿ 8.7 ತಿಂಗಳಿಂದ 19.2ಕ್ಕೆ ಏರಿತು. ಸಣ್ಣ ಲೆಕ್ಕವಿದು, ನಿಜ. 2024ರಲ್ಲಿ ಹೊರಬಂದ ಇನ್ನೊಂದು ಅಮೆರಿಕನ್ ಪರೀಕ್ಷೆಯಲ್ಲಿ ಕಿರಣ ಸೇರಿಸಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಹಾಗಾದರೆ ಇತ್ಯರ್ಥ ಮಾಡಬೇಕಾದವರು ಯಾರು? ಮರ್ಕ್ ಕಂಪನಿಯೆ? 2024ರಲ್ಲಿ ಈ ಒಂದೇ ಮದ್ದನ್ನು ಮಾರಿ ಅದು 29 ಬಿಲಿಯನ್ ಡಾಲರಿಗೂ ಮಿಗಿಲಾಗಿ ಬಾಚಿಕೊಂಡಿತು. ಅಮೆರಿಕದಲ್ಲಿ ಮೂರು ವಾರಕ್ಕೊಮ್ಮೆ ಕೊಡುವ ಒಂದು ಸಲದ ಮದ್ದಿಗೆ ಕಟ್ಟಿದ ಬೆಲೆ 11,000 ಡಾಲರು ಮೀರಿದೆ. ಕಿರಣ ಜೊತೆಗಿದ್ದರೆ ಮದ್ದು ಕಡಿಮೆ ಸಾಕಾದೀತೆ ಎಂದು ಈ ವ್ಯಾಪಾರಿ ತಾನಾಗಿ ಕೇಳುವನೆ? ಅಂಗಡಿ ಇಟ್ಟ ನಮ್ಮ ಓದುಗರು ಉತ್ತರ ಬಲ್ಲರು!

ಕಡಿಮೆ ಪ್ರಮಾಣದ ಮಾತೆತ್ತಿದರೆ ಪಂಡಿತರು ಮೂಗು ಮುರಿಯುತ್ತಾರೆ. ಅವರು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಕಡೆ ನೋಡಲಿ. ತಲೆ-ಕುತ್ತಿಗೆಯ ಕ್ಯಾನ್ಸರಿಗೆ ಅಲ್ಲಿನ ವೈದ್ಯರು ನಿವೊಲುಮಾಬ್ ಎಂಬ ಇದೇ ಜಾತಿಯ ಮದ್ದನ್ನು ಮೂರು ವಾರಕ್ಕೆ ಬರೇ 20 ಮಿಲಿಗ್ರಾಂ ಕೊಟ್ಟರು. ರೂಢಿಯ ಪ್ರಮಾಣ ಎರಡು ವಾರಕ್ಕೆ 240. ಅಗ್ಗದ ಮಾತ್ರೆಗಳ ಜೊತೆ ಇದನ್ನು ಸೇರಿಸಿದಾಗ ವರ್ಷದ ಬಳಿಕ ಉಳಿದವರು ನೂರಕ್ಕೆ 16ರಿಂದ 43ಕ್ಕೆ ಏರಿದರು. ಈ ವರದಿ 2022ರಲ್ಲಿಯೇ ಹೊರಬಿತ್ತು. ಶ್ವಾಸಕೋಶಕ್ಕೂ ಹಾಗೆಯೇ ಆದೀತೆಂದು ಇದರಿಂದ ಹೇಳಲಾಗದು. ಅದಕ್ಕೇ ಪರೀಕ್ಷೆ ಬೇಕು.

ಕಿರಣದ ಯಂತ್ರಗಳನ್ನು ಸರಕಾರಿ ಆಸ್ಪತ್ರೆಗಳಿಗೆ ಕೊಂಡುಕೊಟ್ಟದ್ದು ಬೀಡಿ ಕಟ್ಟುವವನೂ ಗಿರಣಿಯವನೂ ತೆತ್ತ ತೆರಿಗೆ. ಆ ಯಂತ್ರದ ಜೊತೆ ಕಡಿಮೆ ಮದ್ದನ್ನು ಕೂಡಿಸಿ ನೋಡುವ ಪರೀಕ್ಷೆಗೆ ಕೇಂದ್ರದ ಆರೋಗ್ಯ ಸಚಿವರು ಹಣ ತೆಗೆದಿಡಲಿ, ಫಲ ಏನೇ ಬರಲಿ ಜನರ ಮುಂದಿಡಲಿ. ಹಣವಿಲ್ಲವೆಂದರೆ, ಯಾವುದಕ್ಕೆ ಇದೆಯೆಂಬ ಪಟ್ಟಿಯನ್ನಾದರೂ ಕೊಡಲಿ.